ಹನ್ನೆರಡನೇ ಬಾಂದುಕಲ್ಲು

ಟೇಪು ಹತ್ತಡಿ ತೋರಿಸಿತು. ಅಂಗುಲ ಹೆಚ್ಚಿಲ್ಲ, ಅಂಗುಲ ಕಡಿಮೆಯಿಲ್ಲ.

ಪುರಸಭೆಯ ಇನ್‌ಸ್ಪೆಕ್ಟರ್ ಡೆಲಾಲಿ ಮರಳಿನಲ್ಲಿ ಮಂಡಿಯೂರಿ ಮತ್ತೊಮ್ಮೆ ನೋಡಿದಳು. ಟೇಪಿನ ಒಂದು ತುದಿ ನಾಲ್ಕಂತಸ್ತಿನ ಹೊಸ ಮನೆಯ ಗೋಡೆಗೆ ಒತ್ತಿಕೊಂಡಿತ್ತು. ಇನ್ನೊಂದು ತುದಿಯನ್ನು ಪೊಲೀಸ್ ಸಾರ್ಜೆಂಟ್ ಗಾಮೆಲಿ ಬಾಂದುಕಲ್ಲಿನ ನೆತ್ತಿಯ ಮೇಲೆ ಹೆಬ್ಬೆರಳಿನಿಂದ ಅದುಮಿ ಹಿಡಿದಿದ್ದ. ಸಿಮೆಂಟಿನ ಕಲ್ಲು, ಮೊಣಕಾಲೆತ್ತರ. ಅದರ ಮೇಲೆ ಕೊರೆದಿದ್ದ ಅಂಕಿ ಹನ್ನೆರಡು.

"ಆಯ್ತಾ ಇನ್‌ಸ್ಪೆಕ್ಟರಮ್ಮ?" ಮೊದಲ ಮಹಡಿಯ ಬಾಲ್ಕನಿಯಿಂದ ಡೊಟ್ಸೆಯ ದನಿ ಇಳಿದು ಬಂತು. "ಪುರಸಭೆ ಕೇಳೋದು ಹತ್ತಡಿ, ನಾನು ಬಿಟ್ಟಿರೋದು ಹತ್ತಡಿ. ಇನ್ನೂ ಬೇಕಂದ್ರೆ ಹೇಳಿ, ಮನೇನೇ ಎತ್ತಿ ಆಕಡೆ ಇಡ್ತೀನಿ!"

ಬೇಲಿಯಾಚೆ ನೆರೆದಿದ್ದವರು ಗೊಳ್ಳೆಂದು ನಕ್ಕರು.

ನಗು ಸಹಜವೇ. ಕಡಲಂಚಿನ ಹೆವಿಕೋಪೆ ಊರಿನ ಜನಕ್ಕೆ ಆ ಮನೆ ತಮ್ಮದೇ ಎಂಬಷ್ಟು ಹೆಮ್ಮೆ. ಬೀಚಿನಲ್ಲಿ ಎಳನೀರು ಮಾರುತ್ತಿದ್ದ ಡೊಟ್ಸೆ ಲಾರಿ ಓಡಿಸಿ, ಹತ್ತು ಲಾರಿಗಳ ಧಣಿಯಾಗಿ, ಈ ಊರಲ್ಲಿ ಯಾರೂ ಕಟ್ಟದ ಎತ್ತರಕ್ಕೆ ಕಟ್ಟಿದ್ದ. ಕಡಲಿನಿಂದ ಮರಳುವ ದೋಣಿಯವರು ಈಗ ಚರ್ಚಿನ ಗೋಪುರ ಬಿಟ್ಟು ಅವನ ನೀರಿನ ಟ್ಯಾಂಕನ್ನು ನೋಡಿ ದಡದ ಗುರುತು ಹಿಡಿಯುತ್ತಿದ್ದರು. ಬರುವ ಶನಿವಾರ ಮನೆಯೊಕ್ಕಲು. ಪೆಂಡಾಲು ಆಗಲೇ ಎದ್ದಿತ್ತು.

ಆದರೆ ಮೂರು ವಾರದ ಹಿಂದೆ ಇದೇ ಓಣಿಯಲ್ಲಿ, ಇದೇ ಮರಳಿನ ಮೇಲೆ, ನಿವೃತ್ತ ಸರ್ವೇಯರ್ ನ್ಯಾಹೊ ಸತ್ತು ಬಿದ್ದಿದ್ದರು. ಪಕ್ಕದಲ್ಲೊಂದು ಏಣಿ. ಏಣಿಯಿಂದ ಬಿದ್ದರು ಎಂದಿತು ಊರು. ಡೊಟ್ಸೆಯನ್ನು ಹೆದರಿಸಿ ಏನೋ ಕಿತ್ತುಕೊಳ್ಳಲು ಬಂದಿದ್ದ ಮುದುಕ ಎಂದೂ ಅಂದಿತು. ಅವರ ಕೈಯಲ್ಲಿ ಕೆಲಸ ಕಲಿತ ಡೆಲಾಲಿ ಎರಡನ್ನೂ ನಂಬಲಿಲ್ಲ.

"ದಾವಿ, ಹತ್ತಡಿ ಸರಿಯಾಗೇ ಇದೆಯಲ್ಲ," ಎಂದ ಗಾಮೆಲಿ ತಗ್ಗಿದ ದನಿಯಲ್ಲಿ. ಅವಳಿಗಿಂತ ಐದು ವರ್ಷ ಚಿಕ್ಕವನು. ಒಡಹುಟ್ಟಿದ ಅಕ್ಕನನ್ನು ಕರೆದ ಹಾಗೆ ಅವಳನ್ನು ಯಾವತ್ತೂ ದಾವಿ ಎಂದೇ ಕರೆಯುತ್ತಿದ್ದ. "ಜನ ನಗ್ತಿದ್ದಾರೆ. ಹೊರಡೋಣ್ವಾ?"

"ಗೋಡೆಯಿಂದ ಕಲ್ಲಿಗೆ ಹತ್ತಡಿ ಇದೆ ಗಾಮೆಲಿ. ಕಲ್ಲು ಅದರ ಜಾಗದಲ್ಲಿದೆಯಾ ಅಂತ ಟೇಪು ಹೇಳಲ್ಲ."

ಅವಳು ಎದ್ದು ಮಂಡಿಯ ಮರಳು ಕೊಡವಿಕೊಂಡಳು. ಚೀಲದಿಂದ ಹಳೆಯದೊಂದು ಪುಸ್ತಕ ತೆಗೆದಳು. ಕಪ್ಪು ರಟ್ಟು, ಎಣ್ಣೆ ಹಿಡಿದ ಅಂಚು. ಬೆಳಿಗ್ಗೆಯಷ್ಟೇ ನ್ಯಾಹೊ ಅವರ ಹೆಂಡತಿ ಎಮೆಫಾ ಅದನ್ನು ಪೆಟ್ಟಿಗೆಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದಳು. "ಪೊಲೀಸರು ಬಂದು ಕೇಳಿದ್ರು, ಕೊಡ್ಲಿಲ್ಲ. ನನ್ನ ಗಂಡ ಮೂವತ್ತೊಂದು ವರ್ಷ ಈ ಊರು ಅಳೆದ ಕಣೇ. ಒಂದಡಿ ಸುಳ್ಳು ಬರೆದಿಲ್ಲ. ಅವನ ಪುಸ್ತಕ ಓದೋ ಯೋಗ್ಯತೆ ಇರೋದು ನಿನಗೊಬ್ಬಳಿಗೇ."

ಆ ಮಾತು ಬೆಳಗಿನಿಂದ ಡೆಲಾಲಿಯ ಬೆನ್ನನ್ನು ನೆಟ್ಟಗೆ ನಿಲ್ಲಿಸಿತ್ತು.

ಅವಳು ತೆರೆದ ಪುಟ ಹದಿನಾರು ವರ್ಷ ಹಳೆಯದು. ಈ ಬಡಾವಣೆಯನ್ನು ಮೊದಲು ಅಳೆದು ಹಂಚಿದ ದಿನದ್ದು. ಸೀಸದ ಕಡ್ಡಿಯ ಗೆರೆಗಳು, ಪಕ್ಕದಲ್ಲಿ ಇರುವೆ ಸಾಲಿನಂಥ ಅಂಕಿಗಳು. ಹನ್ನೆರಡನೇ ಕಲ್ಲಿನಿಂದ ಹದಿಮೂರನೇ ಕಲ್ಲಿಗೆ ಅರವತ್ತು ಅಡಿ ಎಂದಿತ್ತು. ಪುಟದ ಕೆಳಗೆ ಒಂದು ಸಾಲು: "ಟೇಪು ಹಿಡಿದವರು: ಡೆಲಾಲಿ ಝಿಕ್ಪಿ."

ಆಗ ಅವಳಿಗೆ ಇಪ್ಪತ್ತೆರಡು. ತನ್ನ ಹೆಸರು ಯಾವುದಾದರೂ ಪುಸ್ತಕದಲ್ಲಿ ಬರೆಸಿಕೊಂಡಿದ್ದು ಅದೇ ಮೊದಲು.

"ಅಜ್ಜಿ, ನಿಮ್ಮ ಅಂಗಳಕ್ಕೆ ಬರಬಹುದಾ?" ಡೆಲಾಲಿ ಬೇಲಿಯತ್ತ ತಿರುಗಿ ಕೇಳಿದಳು.

ಹನ್ನೆರಡನೇ ಕಲ್ಲಿನ ಆಚೆ ಬದಿ ಅಬ್ಲಾವಿ ಅಜ್ಜಿಯ ಜಾಗ. ಮಣ್ಣಿನ ಮೂರು ದೊಡ್ಡ ಒಲೆಗಳಿಟ್ಟುಕೊಂಡು ಮೀನು ಹೊಗೆಯಾಡಿಸಿ ಮಾರುವುದು ಅವಳ ಕಸುಬು. ಡೊಟ್ಸೆ ಆ ಜಾಗ ಕೊಡು ಎಂದು ಮೂರು ಸಲ ಕೇಳಿ ಕಳುಹಿಸಿದ್ದ. ಮೂರು ಸಲವೂ ಅಜ್ಜಿ ಬಂದವರಿಗೆ ಹೊಟ್ಟೆ ತುಂಬ ಊಟ ಹಾಕಿ ಬರಿಗೈಯಲ್ಲಿ ಕಳಿಸಿದ್ದಳು.

"ಬಾ ಮಗಳೇ. ಆದ್ರೆ ಒಲೆ ಹತ್ರ ಹುಷಾರು. ಆ ಮಹಾರಾಜನ ಗೋಡೆ ಹತ್ರ ಬಂದ ಮೇಲೆ ಗಾಳಿ ಸುತ್ತು ಹಾಕಿ ನನ್ನ ಮುಖಕ್ಕೇ ಹೊಗೆ ಊದುತ್ತೆ."

"ಹೊಗೆ ನನ್ನ ಹೊಸ ಪರದೆಗೂ ಹತ್ತುತ್ತೆ!" ಮೇಲಿಂದ ಡೊಟ್ಸೆ ಕೂಗಿದ.

"ಹಾಗಾದ್ರೆ ಪರದೇನ ಮೀನಿನ ಜೊತೆ ಮಾರ್ಕೊಡ್ತೀನಿ, ಕಳ್ಸಪ್ಪ!"

ಈ ಸಲದ ನಗು ಅಜ್ಜಿಯ ಪಾಲಿಗೆ ಬಿತ್ತು.

ಡೆಲಾಲಿ ಮತ್ತು ಗಾಮೆಲಿ ಅಜ್ಜಿಯ ಅಂಗಳದುದ್ದಕ್ಕೂ ಟೇಪು ಎಳೆದರು. ಆಚೆ ತುದಿಯಲ್ಲಿ, ಚರಂಡಿಯ ಪಕ್ಕ, ಹದಿಮೂರನೇ ಕಲ್ಲು ಪಾಚಿ ಕಟ್ಟಿಕೊಂಡು ನಿಂತಿತ್ತು.

"ಐವತ್ತಾರು," ಎಂದ ಗಾಮೆಲಿ. ಮತ್ತೊಮ್ಮೆ ನೋಡಿದ. "ಐವತ್ತಾರೇ."

"ಇರಬೇಕಾಗಿದ್ದು ಅರವತ್ತು."

ಡೊಟ್ಸೆ ಅಷ್ಟರಲ್ಲಿ ಕೆಳಗಿಳಿದಿದ್ದ. ಅಗಲ ಎದೆಯ ಆಳು. ತಿಳಿನೀಲಿ ನಿಲುವಂಗಿಗೆ ಗರಿಗರಿ ಇಸ್ತ್ರಿ. ಅವನ ಹಿಂದೆ ಮೇಸ್ತ್ರಿ ಯಾವೊ ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದ. ಆ ಮನೆಯ ಪಾಯದಿಂದ ಟ್ಯಾಂಕಿನ ತನಕ ಪ್ರತಿ ಇಟ್ಟಿಗೆಯೂ ಅವನ ಕಣ್ಣ ಮುಂದೆಯೇ ಕೂತಿದ್ದು.

"ನಾಲ್ಕಡಿ ಎಲ್ಲಿ ಹೋಯ್ತು ಅಂತ ನಾನೇ ಹೇಳ್ತೀನಿ," ಎಂದ ಡೊಟ್ಸೆ. "ಆ ಚರಂಡಿ ತೋಡಿದಾಗ ಹದಿಮೂರನೇ ಕಲ್ಲು ಕಿತ್ತು, ಮತ್ತೆ ಎಲ್ಲೋ ನೆಟ್ರು. ತಪ್ಪು ಆ ಕಲ್ಲಿಂದು, ನನ್ನ ಕಲ್ಲಿಂದಲ್ಲ. ಆಕಡೆ ನನ್ನ ಹನ್ನೊಂದನೇ ಕಲ್ಲಿಂದ ಅಳೀಬೇಕಾ? ಅದು ಜನರೇಟರ್ ಕೋಣೆ ಕಾಂಕ್ರೀಟಿನ ಕೆಳಗಿದೆ. ಒಡೀತೀರಾ? ಒಡೆದು ನನ್ನ ಕಲ್ಲು ಸರಿಯಾಗಿದ್ರೆ ನೀವು ಕಟ್ಟಿಕೊಡ್ತೀರಾ?"

ಜನ ತಲೆದೂಗಿದರು. ಮಾತು ನ್ಯಾಯವಾಗಿತ್ತು. ಎರಡು ಕಲ್ಲು, ಎರಡು ಸಾಕ್ಷಿ. ಯಾವುದು ಸುಳ್ಳು ಹೇಳುತ್ತಿದೆ ಎಂದು ಹೇಳುವವರು ಯಾರು?

ಡೆಲಾಲಿ ಪುಸ್ತಕದ ಪುಟವನ್ನು ಬಿಸಿಲಿಗೆ ಹಿಡಿದಳು. ಪ್ರತಿ ಕಲ್ಲಿನ ಗುರುತಿನ ಪಕ್ಕದಲ್ಲೂ ಒಂದೊಂದು ಸಣ್ಣ ಕಪ್ಪು ಚುಕ್ಕೆ. ನೋಡಿದವರಿಗೆ ಸೀಸದ ಕಡ್ಡಿ ತಾಗಿ ಆದ ಕಲೆ. ಅವಳಿಗೆ ಹಾಗಲ್ಲ.

ಅವಳು ಹೇಳಿದ್ದು ಇಷ್ಟೇ: "ಗಾಮೆಲಿ, ಗುದ್ದಲಿ ತಗೊಂಬಾ. ಹನ್ನೆರಡನೇ ಕಲ್ಲು ಕೀಳೋಣ."

"ಬಾಂದುಕಲ್ಲು ಕೀಳೋದು ಅಪರಾಧ!" ಡೊಟ್ಸೆ ಅಡ್ಡ ಬಂದ.

"ಹೌದು ಎಫೊ. ಪುರಸಭೆಯ ಇನ್‌ಸ್ಪೆಕ್ಟರ್ ಪೊಲೀಸರ ಮುಂದೆ ಕಿತ್ರೆ ಅದು ತನಿಖೆ." ಅವಳು ಅವನನ್ನು ಎಫೊ ಎಂದು ಅಣ್ಣನ ಮರ್ಯಾದೆ ಕೊಟ್ಟೇ ಕರೆದಳು. ಆದರೆ ದಾರಿ ಬಿಡಲಿಲ್ಲ. "ಕಲ್ಲು ಸರಿಯಾದ ಜಾಗದಲ್ಲಿದ್ರೆ ನಾನೇ ಇಲ್ಲಿ, ಇಷ್ಟೂ ಜನರ ಮುಂದೆ, ನಿಮ್ಮ ಕಾಲು ಮುಟ್ಟಿ ಕ್ಷಮೆ ಕೇಳಿ, ಕೈಯಾರೆ ಮತ್ತೆ ನೆಡ್ತೀನಿ. ಶನಿವಾರ ನಿಮ್ಮನೇಲಿ ಬಡಿಸೋಕೂ ನಿಲ್ತೀನಿ."

ಡೊಟ್ಸೆ ಅವಳನ್ನೇ ನೋಡಿದ. ಆಮೇಲೆ ಪಕ್ಕಕ್ಕೆ ಸರಿದ.

"ಕೀಳಿ. ನನಗೇನು ಭಯ?"

ಕಲ್ಲು ಸುಲಭವಾಗಿ ಬಂತು. ಹದಿನಾರು ವರ್ಷ ಮರಳು ಕಚ್ಚಿ ನಿಂತಿದ್ದ ಕಲ್ಲು ಅಷ್ಟು ಸುಲಭವಾಗಿ ಬರುವುದಿಲ್ಲ ಎಂದು ಡೆಲಾಲಿಗೆ ಗೊತ್ತಿತ್ತು. ಗಾಮೆಲಿ ಗುಂಡಿಯನ್ನು ಇನ್ನೂ ಮೂರಡಿ ಅಗೆದ. ಬರೀ ಮರಳು. ತಳದ ತನಕ ಒಂದೇ ಬಣ್ಣದ, ಶುದ್ಧ ಹಳದಿ ಮರಳು.

"ಏನೂ ಇಲ್ಲ ದಾವಿ."

"ಅದೇ ನನಗೆ ಬೇಕಾಗಿದ್ದು. ಈಗ ಹದಿಮೂರು."

ಹದಿಮೂರನೇ ಕಲ್ಲು ಹಟಮಾರಿಯಾಗಿತ್ತು. ಗಾಮೆಲಿಯ ಅಂಗಿ ಬೆವರಿಗೆ ಬೆನ್ನಿಗಂಟಿತು. ಜನರಲ್ಲೊಬ್ಬ ಹಾರೆ ತಂದುಕೊಟ್ಟ, ಇನ್ನೊಬ್ಬ ಕೈ ಹಾಕಿದ. ಕಲ್ಲು ಕೊನೆಗೆ ಅಲುಗಿ ಮೇಲೆದ್ದಿತು. ಡೆಲಾಲಿ ತಾನೇ ಗುಂಡಿಯ ಪಕ್ಕ ಬೋರಲು ಮಲಗಿ ಕೈ ಇಳಿಬಿಟ್ಟಳು. ಮೊಳಕೈ ಮುಳುಗಿತು. ತೋಳು ಮುಳುಗಿತು.

ಅವಳು ಕೈ ಮೇಲೆತ್ತಿದಾಗ ಅಂಗೈ ಕಪ್ಪಗಿತ್ತು.

"ಇದ್ದಿಲು," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಸರ್ವೇಯರ್ ನ್ಯಾಹೊ ಪ್ರತಿ ಬಾಂದುಕಲ್ಲಿನ ಕೆಳಗೂ ಒಂದು ಹಿಡಿ ಇದ್ದಿಲು ಹಾಕಿ, ಅದರ ಮೇಲೆ ಕಲ್ಲು ನೆಡ್ತಿದ್ರು. ಮರ ಕೊಳೆಯುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ, ಇದ್ದಿಲು ನೂರು ವರ್ಷ ಹೋದ್ರೂ ಇದ್ದಿಲೇ. 'ಕಲ್ಲು ಕದ್ದೊಯ್ಯಬಹುದು ಹುಡುಗಿ, ಗುಂಡಿ ಕದ್ದೊಯ್ಯೋಕಾಗಲ್ಲ' ಅಂತಿದ್ರು. ಯಾರಿಗೂ ಹೇಳ್ಬೇಡ ಅಂದಿದ್ರು. ಹದಿನಾರು ವರ್ಷ ಹೇಳ್ಲಿಲ್ಲ. ಇವತ್ತು ಹೇಳ್ತಿದ್ದೀನಿ."

ಅಬ್ಲಾವಿ ಅಜ್ಜಿ ಗುಂಡಿಯ ಹತ್ತಿರ ಬಂದಳು. ಬಗ್ಗಿ ಒಂದು ಚೂರು ಎತ್ತಿಕೊಂಡು ಬೆರಳಲ್ಲಿ ತಿರುವಿ ನೋಡಿದಳು. ಮೂಸಿದಳು. ಸುಕ್ಕುಗಟ್ಟಿದ ಮುಖ ಅರಳಿತು.

"ಇದು ತೆಂಗಿನ ಚಿಪ್ಪಿಂದು! ನನ್ನ ಒಲೇದು! ಅಯ್ಯೋ, ಆವತ್ತು ಬುಟ್ಟಿ ಹಿಡ್ಕೊಂಡು ಇದ್ದಿಲು ಕೇಳೋಕೆ ಬಂದ ಕಡ್ಡಿ ಹುಡುಗಿ ನೀನೇನೇ? ಯಾಕೆ ಅಂತ ಕೇಳಿದ್ರೆ ಬಾಯೇ ಬಿಡ್ಲಿಲ್ಲವಲ್ಲ!"

"ನಾನೇ ಅಜ್ಜಿ."

"ನೋಡ್ರೋ!" ಅಜ್ಜಿ ಇದ್ದಿಲಿನ ಚೂರನ್ನು ಚಿನ್ನದುಂಡೆಯಂತೆ ಎತ್ತಿ ಹಿಡಿದು ಜನರ ಕಡೆ ತಿರುಗಿದಳು. "ಈ ಬೀದಿಯ ಎಲ್ಲಾ ಮನೆಗಳ ಎಲ್ಲೆ ನಿಂತಿರೋದು ಈ ಮುದುಕಿಯ ಒಲೆ ಮೇಲೆ! ಇನ್ಮೇಲೆ ಹೊಗೆ ಅಂತ ಮೂಗು ಮುಚ್ಕೊಳ್ಳೋರು ಯೋಚನೆ ಮಾಡಿ ಮುಚ್ಕೊಳ್ಳಿ!"

ಜನ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಡೊಟ್ಸೆಯ ಕಡೆಗಿದ್ದ ನಗು ಒಂದೊಂದಾಗಿ ಬೇಲಿ ದಾಟುತ್ತಿತ್ತು.

ಡೆಲಾಲಿ ನಗಲಿಲ್ಲ. ಕೆಲಸ ಮುಗಿದಿರಲಿಲ್ಲ. ಹದಿಮೂರನೇ ಗುಂಡಿಯ ನಡುಮಧ್ಯದಿಂದ ಅವಳು ಮತ್ತೆ ಟೇಪು ಎಳೆದಳು. ಅರವತ್ತು ಅಡಿ. ಟೇಪಿನ ತುದಿ ಕಿತ್ತ ಕಲ್ಲಿನ ಗುಂಡಿ ದಾಟಿ, ಡೊಟ್ಸೆಯ ಗೋಡೆಯ ಕಡೆಗೆ ನಾಲ್ಕಡಿ ಹೋಗಿ, ಬೇಲಿ ಮುರಿದಿದ್ದ ಜಾಗದಲ್ಲಿ ನಿಂತಿತು. ಅಲ್ಲಿಂದ ಮನೆಯ ಗೋಡೆ ಎರಡು ಹೆಜ್ಜೆ.

"ಇಲ್ಲಿ ಅಗಿ," ಎಂದಳು.

ಗಾಮೆಲಿ ಗುದ್ದಲಿ ಊರಿದ. ಎರಡನೇ ಪೆಟ್ಟಿಗೇ ತಡೆದು ನಿಂತ.

"ದಾವಿ, ಇಲ್ಲಿ ಮರಳು ಸಡಿಲ ಇದೆ. ಯಾರೋ ಆಗ್ಲೇ ಅಗೆದು ಮುಚ್ಚಿದ್ದಾರೆ. ತುಂಬಾ ದಿನ ಆಗಿಲ್ಲ."

"ಕೈಯಲ್ಲಿ ತೆಗಿ. ಮೆಲ್ಲಗೆ."

ಮೂರಡಿ ಆಳದಲ್ಲಿ ಇದ್ದಿಲು ಇತ್ತು, ಅದರ ಜಾಗದಲ್ಲಿ, ಒಂದು ಹಿಡಿ. ಆದರೆ ಅದೊಂದೇ ಇರಲಿಲ್ಲ. ಇದ್ದಿಲಿನ ಮಧ್ಯದಲ್ಲಿ ನೆಟ್ಟಗೆ ಚುಚ್ಚಿದ್ದ ಒಂದು ಕಬ್ಬಿಣದ ಕಡ್ಡಿ. ತುದಿಯ ಬಳೆಯಲ್ಲಿ ಕಟ್ಟಿದ್ದ ಕೆಂಪು ಬಟ್ಟೆಯ ಚೂರು.

ಅಳತೆಗೆ ಹೋಗುವಾಗ ಸರ್ವೇಯರುಗಳು ಗುರುತಿಗೆಂದು ನೆಲಕ್ಕೆ ಚುಚ್ಚುವ ಕಡ್ಡಿ ಅದು. ಕೆಂಪು ಬಟ್ಟೆ ಎಮೆಫಾಳ ಹಳೆಯ ತಲೆವಸ್ತ್ರದ್ದು. ನ್ಯಾಹೊ ಅವರ ಹತ್ತು ಕಡ್ಡಿಗೂ ಅದೇ ಬಟ್ಟೆ. ಶವದ ಜೊತೆ ಸಿಕ್ಕ ಚೀಲದಲ್ಲಿ ಕಡ್ಡಿಗಳು ಒಂಬತ್ತೇ ಇದ್ದವು.

ಡೆಲಾಲಿ ಗುಂಡಿಯ ಅಂಚಿನಲ್ಲಿ ಕೂತು ಆ ಕೆಂಪು ಚೂರನ್ನು ಬೆರಳ ತುದಿಯಿಂದ ಮುಟ್ಟಿದಳು. ಎಪ್ಪತ್ತು ದಾಟಿದ ಮನುಷ್ಯ, ಬಗ್ಗಿದರೆ ಏಳಲು ಕಷ್ಟಪಡುತ್ತಿದ್ದ ಮನುಷ್ಯ, ಒಬ್ಬರೇ ಬಂದು ಮೂರಡಿ ಅಗೆದು, ತಮ್ಮ ಗುರುತನ್ನು ತಾವೇ ಹುಡುಕಿಕೊಂಡಿದ್ದರು. ಕೊನೆಯ ದಿನವೂ ಅವರ ಅಳತೆ ತಪ್ಪಿರಲಿಲ್ಲ.

"ಗಾಮೆಲಿ, ನಿನ್ನ ವರದಿಯಲ್ಲಿ ಏಣಿ ಅಂತ ಬರೆದಿದ್ದೀಯ."

"ಹೌದು. ಶವದ ಪಕ್ಕದಲ್ಲೇ ಇತ್ತು."

"ಅವರು ಇಲ್ಲಿಗೆ ಬಂದಿದ್ದು ಗುಂಡಿ ತೋಡೋಕೆ. ನೆಲ ಅಗೆಯೋಕೆ ಬಂದವರು ಏಣಿ ಯಾಕೆ ಹತ್ತುತ್ತಾರೆ?"

ಗಾಮೆಲಿ ಗೋಡೆಯ ಎತ್ತರ ನೋಡಿದ, ಗುಂಡಿಯ ಆಳ ನೋಡಿದ.

"ಇನ್ನೊಂದು ಹೇಳು. ಗುಂಡಿ ತೋಡಿದವರು ನ್ಯಾಹೊ. ಕಡ್ಡಿ ಚುಚ್ಚಿದವರು ನ್ಯಾಹೊ. ಕಡ್ಡೀನ ಒಳಗೇ ಬಿಟ್ಟು ಗುಂಡಿ ಮುಚ್ಚಿದವರು ಯಾರು?"

ಅಜ್ಜಿಯ ಒಲೆಯಲ್ಲಿ ಮೀನಿನ ಕೊಬ್ಬು ಚಟಪಟ ಸಿಡಿಯಿತು.

ಮಾತು ಬೇಲಿಯಾಚೆಗೆ ಹಬ್ಬಿತು. ಮುದುಕ ಏನೋ ಕಿತ್ತುಕೊಳ್ಳಲು ಬಂದಿದ್ದ ಎಂದು ಮೂರು ವಾರ ಆಡಿಕೊಂಡಿದ್ದ ಹೆಂಗಸೊಬ್ಬಳು ತಲೆವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಇನ್ನೊಬ್ಬ ಟೋಪಿ ತೆಗೆದ.

ಡೆಲಾಲಿ ಇದ್ದಿಲಿನಿಂದ ಗೋಡೆಗೆ ಟೇಪು ಹಿಡಿದಳು. ಈ ಸಲ ಗಾಮೆಲಿಗೆ ಓದಲು ಬಿಡಲಿಲ್ಲ. ತಾನೇ ಓದಿದಳು.

"ಆರಡಿ."

ಕೆಂಪು ಬಣ್ಣದ ಡಬ್ಬಿ ಅವಳ ಚೀಲದಲ್ಲಿತ್ತು. ಮುಚ್ಚಳ ತೆಗೆದು, ಕುಂಚ ಅದ್ದಿ ಗೋಡೆಯ ಕಡೆ ನಡೆದಳು. ಡೊಟ್ಸೆ ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತ.

"ಬೇಡ," ಎಂದ. ಮೊದಲಿನ ಅಬ್ಬರ ಇರಲಿಲ್ಲ. "ನೋಡಮ್ಮ, ನನ್ನ ತಾಯಿ ಐದು ಜನ ಮಕ್ಕಳನ್ನ ಸಾಕಿದ್ದು ಒಂದು ತಗಡಿನ ಕೋಣೇಲಿ. ಮಳೆ ಬಂದ್ರೆ ನಾವು ಸರದಿ ಮೇಲೆ ಮಲಗ್ತಿದ್ವಿ. ಶನಿವಾರ ಆಕೆ ನಾಲ್ಕನೇ ಅಂತಸ್ತು ಹತ್ತಿ ಸಮುದ್ರ ನೋಡ್ತಾಳೆ. ಎಂಬತ್ತೆರಡು ವರ್ಷ ಆಕೆಗೆ. ಆಕೆ ಬರೋ ದಾರೀಲಿ ಈ ಗೋಡೆ ಮೇಲೆ 'ಕೆಲಸ ನಿಲ್ಲಿಸಿ' ಅಂತ ಬರೀತೀಯಾ?"

ಡೆಲಾಲಿ ಕುಂಚ ಕೆಳಗಿಳಿಸಿದಳು. ಅವನ ಮಾತು ಸುಳ್ಳಲ್ಲ. ಆ ಮುದುಕಿಯನ್ನು ಅವಳೂ ಬಲ್ಲಳು.

"ಎಫೊ, ಮನೆ ಚೆನ್ನಾಗಿದೆ. ಇಂಥ ಮನೆ ನಮ್ಮೂರಲ್ಲಿ ಎದ್ದಿದೆ ಅಂತ ನನಗೂ ಹೆಮ್ಮೆ ಇದೆ. ಆದ್ರೆ ಈ ಓಣಿ ನಿಮ್ಮೊಬ್ಬರದಲ್ಲ. ಹಿಂದೆ ನಲವತ್ತು ಮನೆ ಇವೆ. ಅಲ್ಲಿಗೆ ಬೆಂಕಿ ಇಂಜಿನ್ನು ಹೋಗೋಕೆ ಇರೋ ದಾರಿ ಇದೊಂದೇ. ಹತ್ತಡಿ ಇದ್ರೆ ಹೋಗುತ್ತೆ. ಆರಡಿಯಾದ್ರೆ ಇಲ್ಲೇ ನಿಲ್ಲುತ್ತೆ. 'ಮನೆ ಮನೆ ಮಧ್ಯೆ ಗಾಳಿ ಬರಬೇಕು, ಬೆಂಕಿ ದಾಟಬಾರದು, ಹೆಣ ನೆಟ್ಟಗೆ ಹೋಗಬೇಕು' ಅಂತ ನ್ಯಾಹೊ ಹೇಳೋರು. ಅವರ ಹೆಣ ಈ ಓಣಿಯಿಂದ ಹೊರಗೆ ತರೋವಾಗ ಹೊರೋರಿಗೆ ಜಾಗ ಸಾಲದೆ ಅಡ್ಡಡ್ಡ ತಿರುಗಿಸಬೇಕಾಯ್ತು. ಯಾಕೆ ಅಂತ ಅವತ್ತು ಯಾರಿಗೂ ಹೊಳೀಲಿಲ್ಲ."

"ಹತ್ತಡಿ ಇರೋವಾಗ ಯಾಕೆ ತಿರುಗಿಸಬೇಕು!"

"ಹತ್ತಡಿ ಇರೋದು ಅಜ್ಜಿಯ ನಾಲ್ಕಡಿ ಸೇರಿಸಿಕೊಂಡ್ರೆ. ಕಲ್ಲು ಸರಿಸಿದ್ರೂ ಅಜ್ಜಿಯ ಹಳೇ ಬೇಲಿ ಜಾಗ ಬಿಟ್ಟಿಲ್ಲ. ನಿಂತಲ್ಲೇ ಇದೆ. ನೀವೇ ನೋಡಿ."

ಡೊಟ್ಸೆ ಅತ್ತ ನೋಡಿದ. ಬಿದಿರಿನ ಬೇಲಿ ಗೋಡೆಯಿಂದ ಆರೇ ಅಡಿ ದೂರದಲ್ಲಿ, ಒಂದೇ ಒಂದು ಕಡೆ ಮುರಿದು, ಮಿಕ್ಕಂತೆ ತಲೆಯೆತ್ತಿ ನಿಂತಿತ್ತು. ಆ ಮುರುಕಿನಲ್ಲೇ ಹನ್ನೆರಡನೇ ಕಲ್ಲು ಅಜ್ಜಿಯ ಅಂಗಳಕ್ಕೆ ಕಾಲಿಟ್ಟಿದ್ದು.

"ಮೂರು ಸಲ ಬಂದು ಜಾಗ ಕೊಡು, ಬೇಲಿ ಕೀಳು ಅಂದ್ರು," ಎಂದಳು ಅಜ್ಜಿ. "ನನ್ನ ಗಂಡ ಕಟ್ಟಿದ ಬೇಲಿ. ಕೀಳೋರಿದ್ರೆ ನನ್ನ ಮೊದಲು ಕೀಳಿ ಅಂದೆ."

ಡೊಟ್ಸೆ ಗೋಡೆಯಿಂದ ಬೆನ್ನು ತೆಗೆದು, ಪಕ್ಕಕ್ಕೆ ಸರಿದು ನಿಂತ.

"ಬರಿ," ಎಂದ.

ಡೆಲಾಲಿ ಬರೆದಳು. ಒಂದೊಂದು ಅಕ್ಷರವೂ ಅಂಗೈಯಗಲ, ನೇರ, ಅಚ್ಚಿನಂತೆ. ನ್ಯಾಹೊ ಕಲಿಸಿದ್ದ ಬರವಣಿಗೆ. ಸೊಟ್ಟಗೆ ಬರೆದರೆ ಜನ ನಿಯಮವನ್ನೂ ಸೊಟ್ಟಗೆ ಓದುತ್ತಾರೆ ಎನ್ನುತ್ತಿದ್ದರು. ಬೇಲಿಯಾಚೆ ಯಾರೋ ಅವರ ಹೆಸರು ಹಿಡಿದು ಕೂಗಿದರು. ಇನ್ನೊಬ್ಬರು ದನಿಗೂಡಿಸಿದರು. ಮೂರು ವಾರದಿಂದ ತಲೆತಗ್ಗಿಸಿ ನೀರಿಗೆ ಹೋಗುತ್ತಿದ್ದ ಎಮೆಫಾ ಇದನ್ನು ಕೇಳಬೇಕಿತ್ತು ಎಂದುಕೊಂಡಳು ಡೆಲಾಲಿ.

ಕೊನೆಯ ಅಕ್ಷರ ಮುಗಿಯುವಾಗ ಹಿಂದಿನಿಂದ ಡೊಟ್ಸೆಯ ದನಿ ಕೇಳಿಸಿತು. ಈಗ ಅದು ತಣ್ಣಗಿತ್ತು.

"ಬರೆದಾಯ್ತಲ್ಲ. ಈಗ ನನ್ನ ಮಾತೂ ಕೇಳಿ. ಆ ಕಲ್ಲು ನಾನು ಸರಿಸಿಲ್ಲ. ನನ್ನ ತಾಯಿ ಮೇಲಾಣೆ. ಕಲ್ಲು ಎಲ್ಲಿದೆ ಅಂತ ನನ್ನ ಮೇಸ್ತ್ರಿಗೆ ತೋರಿಸಿದ್ರು, ಅಲ್ಲಿಂದ ಹತ್ತಡಿ ಬಿಟ್ಟು ನಾನು ಪಾಯ ಹಾಕಿದೆ."

"ಯಾರು ತೋರಿಸಿದ್ರು?" ಗಾಮೆಲಿ ಮುಂದೆ ಬಂದ.

"ಪುರಸಭೆಯವರು. ಪಾಯಕ್ಕೆ ಮೊದಲು ಬಾಂದು ತೋರಿಸೋಕೆ ಬಂದಿದ್ರು. ನಾನವತ್ತು ಟೈಲ್ಸ್ ನೋಡೋಕೆ ಗಡಿಯಾಚೆ ಲೋಮೆ ಪಟ್ಟಣಕ್ಕೆ ಹೋಗಿದ್ದೆ. ಯಾವೊ ಇದ್ದ. ನನ್ನ ಕೆಲಸದ ಜಾಗಕ್ಕೆ ಯಾರೇ ಬಂದ್ರೂ ಹೆಸರು ಬರೆದು ಸಹಿ ಹಾಕ್ಬೇಕು. ನಾನು ಲಾರಿ ನಡೆಸೋನು ಸಾರ್ಜೆಂಟ್, ಪುಸ್ತಕ ಇಲ್ಲದೆ ನನ್ನ ಗೇಟು ಯಾರೂ ದಾಟಲ್ಲ. ಯಾವೊ, ತಗೊಂಬಾ."

ಯಾವೊ ಒಳಗೆ ಹೋಗಿ ಸಿಮೆಂಟಿನ ಧೂಳು ಮೆತ್ತಿದ ಉದ್ದನೆಯ ಪುಸ್ತಕ ತಂದ. ಡೊಟ್ಸೆ ಪುಟ ಹುಡುಕಿ ಬೆರಳಿಟ್ಟು, ಗಾಮೆಲಿಯ ಕೈಗೆ ಕೊಟ್ಟ. ಡೆಲಾಲಿಗೆ ಕೊಡಲಿಲ್ಲ.

ಗಾಮೆಲಿ ಓದಿದ. ಹುಬ್ಬು ಗಂಟಿಕ್ಕಿತು. ಮತ್ತೆ ಓದಿದ.

"ಹೋದ ವರ್ಷ ಮಾರ್ಚ್ ಆರು," ಎಂದ. "ಎರಡು ಹೆಸರಿವೆ."

"ಮಾರ್ಚ್ ಆರಾ?" ಅಬ್ಲಾವಿ ಅಜ್ಜಿ ತಟ್ಟನೆ ಎಂದಳು. "ಸ್ವಾತಂತ್ರ್ಯದ ದಿನ! ನಾನು ಬಾಗಿಲು ಹಾಕ್ಕೊಂಡು ಮೆರವಣಿಗೆಗೆ ಹೋಗಿದ್ದೆ. ಬೀದಿಗೆ ಬೀದಿಯೇ ಮೈದಾನದಲ್ಲಿತ್ತು. ಬಂದು ನೋಡಿದ್ರೆ ಬೇಲಿ ಮುರಿದಿತ್ತು. ಮೇಕೆ ಮುರೀತು ಅಂದ್ಕೊಂಡೆ, ಕಲ್ಲಿನ ಕಡೆ ಕಣ್ಣೇ ಹೋಗ್ಲಿಲ್ಲ!"

"ಅವತ್ತು ರಜೆ," ಎಂದಳು ಡೆಲಾಲಿ. "ಪುರಸಭೆಯಿಂದ ಯಾರೂ ಕೆಲಸಕ್ಕೆ ಬರಲ್ಲ. ಯಾರ ಹೆಸರಿದೆ ಗಾಮೆಲಿ?"

ಅವನು ಪುಸ್ತಕ ತಿರುಗಿಸಿ ತೋರಿಸಿದ.

ಮೊದಲ ಸಾಲಿನಲ್ಲಿ ನ್ಯಾಹೊ ಅವರ ಹೆಸರು, ಸಹಿ. ಎರಡನೇ ಸಾಲಿನಲ್ಲಿ ಅಂಗುಲ ಅಂಗುಲವೂ ನೇರವಾದ, ಅಚ್ಚಿನಂಥ ಅಕ್ಷರ. ಡೆಲಾಲಿ ಝಿಕ್ಪಿ.

ಅವಳಿಗೆ ತನ್ನ ಅಕ್ಷರವನ್ನು ತಾನೇ ನೋಡಿದಂತಿತ್ತು. ತಾನು ಬರೆಯದ ತನ್ನ ಅಕ್ಷರ.

"ಇದು ನನ್ನ ಸಹಿಯಲ್ಲ. ಅವರದ್ದೂ ಅಲ್ಲ."

"ಯಾವೊ," ಎಂದ ಗಾಮೆಲಿ, ಕಣ್ಣು ಪುಸ್ತಕದ ಮೇಲೆಯೇ ಇತ್ತು. "ಅವತ್ತು ಬಂದವರು ಯಾರು?"

ಮೇಸ್ತ್ರಿ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ಒಬ್ರು ವಯಸ್ಸಾದವರು. ಇನ್ನೊಬ್ರು ಹೆಂಗಸು. ಪುರಸಭೆ ಕೋಟು ಹಾಕಿದ್ರು."

"ಆ ಹೆಂಗಸು ಇಲ್ಲಿದ್ದಾರಾ?"

"ಇದ್ದಾರೆ."

"ತೋರ್ಸು."

ಯಾವೊ ಕೈಯೆತ್ತಿ ಡೆಲಾಲಿಯತ್ತ ಬೆರಳು ಮಾಡಿದ. ಕಣ್ಣು ಮಾತ್ರ ನೆಲದಿಂದ ಮೇಲೇಳಲಿಲ್ಲ. "ಇವರೇ."

ಅಜ್ಜಿಯ ಕೈಯ ಇದ್ದಿಲು ಕೆಳಗೆ ಬಿತ್ತು. ಡೊಟ್ಸೆ ನಗಲಿಲ್ಲ; ಅವನಿಗೂ ಈಗ ಯಾರನ್ನು ನಂಬುವುದೆಂದು ತಿಳಿಯದಾಗಿತ್ತು.

ಗಾಮೆಲಿ ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡ. ಜೇಬಿನಿಂದ ತನ್ನ ಚಿಕ್ಕ ಡೈರಿ ತೆಗೆದ. ಪೆನ್ನು ತೆಗೆದ.

"ಮೇಡಂ," ಎಂದ.

ಏಳು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದಿದ್ದು ಅದೇ ಮೊದಲು.

"ಹೋದ ವರ್ಷ ಮಾರ್ಚ್ ಆರನೇ ತಾರೀಕು ನೀವು ಎಲ್ಲಿದ್ರಿ?"

ಡೆಲಾಲಿ ತಲೆ ತಗ್ಗಿಸಲಿಲ್ಲ. ಅವಳಿಗೆ ಆ ದಿನ ನೆನಪಿತ್ತು, ಬೆಳಗಿನಿಂದ ಸಂಜೆಯ ತನಕ. ಊರೆಲ್ಲ ಮೈದಾನದಲ್ಲಿ ಬಾವುಟದ ಕೆಳಗೆ ನಿಂತಿದ್ದಾಗ ಅವಳು ಏಳು ಮೈಲಿಯಾಚೆಯ ಹುಲ್ಲುಗಾವಲಿನಲ್ಲಿದ್ದಳು. ಎದೆಯೆತ್ತರದ ಹುಲ್ಲಿನಲ್ಲಿ ಕಳೆದುಹೋದ ಹಳೆಯದೊಂದು ಬಾಂದುಕಲ್ಲನ್ನು ಹುಡುಕುತ್ತ. ದಾರಿಯಲ್ಲಿ ಒಂದು ನರಪಿಳ್ಳೆಯೂ ಎದುರಾಗಿರಲಿಲ್ಲ.

"ಬರ್ಕೊಳ್ಳಿ ಸಾರ್ಜೆಂಟ್," ಎಂದಳು. "ನಾನು ಆಡುವ ಒಂದೊಂದು ಮಾತೂ ಬಿಡದೆ ಬರ್ಕೊಳ್ಳಿ. ಅವತ್ತು ನಾನೆಲ್ಲಿದ್ದೆ ಅಂತ ಸಾಕ್ಷಿ ಹೇಳಬಲ್ಲೋರು ಈ ಭೂಮಿ ಮೇಲೆ ಒಬ್ರೇ ಇದ್ರು. ನನ್ನ ಜೊತೆಗಿದ್ದೋರು."

"ಯಾರು?"

"ಸರ್ವೇಯರ್ ನ್ಯಾಹೊ."